ಹಳೆ ಸೀರೆಯ ಫೋಟೋ: ಬಾಗಿಲ ಬೆಳಕಿಗೆ ತಂದು ತೋರಿಸಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಬಾಗಲಕೋಟೆ ನವನಗರದಲ್ಲಿದ್ದೇವೆ. ಅತ್ತೆಯವರ ಟ್ರಂಕಿನಲ್ಲಿದ್ದ ಇಳಕಲ್ ಸೀರೆಗಳು, ನಾನು ಒಂದೆರಡು ಸಲ ಉಟ್ಟು ಇಟ್ಟ ಸೀರೆಗಳು, ಮಕ್ಕಳಿಗೆ ಸಣ್ಣದಾದ ಬಟ್ಟೆಗಳು, ಇವನ್ನೆಲ್ಲ ಆರು ತಿಂಗಳಿಂದ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತಿಲ್ಲ. ನವಿಲು ಹಸಿರು ಅಂತ ಹಾಕಿದ ಸೀರೆಯನ್ನು ಬೆಂಗಳೂರಿನವರು "ಇದು ನೀಲಿ ಇದೆ" ಅಂತ ವಾಪಸ್ ಕಳಿಸಿದರು. ಇನ್ನೊಬ್ಬರು "ಫೋಟೋದಲ್ಲಿ ಇಲ್ಲದ ಕಲೆ ಸೀರೆಯಲ್ಲಿದೆ, ಮೋಸ ಮಾಡಿದಿರಿ" ಅಂದರು. ನಾನು ಬೇಕಂತ ಮುಚ್ಚಿಟ್ಟಿರಲಿಲ್ಲ. ಹೊಸ ಫೋನ್ ತಗೋಬೇಕಾ? ರಿಂಗ್ ಲೈಟ್ ಬೇಕಾ? ಅಂಗಡಿಯವರ ವೆಬ್‌ಸೈಟಿನಲ್ಲಿರುವ ಹೊಸ ಸೀರೆಯ ಫೋಟೋ ಹಾಕಿದರೆ ನಡೆಯುತ್ತಾ? ನಾನು ತೆಗೆದ ಐದು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಅಕ್ಕಾರೆ, ನಮಸ್ಕಾರ. ಐದೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಹೊಸ ಫೋನ್ ಬೇಡ. ರಿಂಗ್ ಲೈಟೂ ಬೇಡ. ನಿಮ್ಮ ಫೋನಿನ ಕ್ಯಾಮೆರಾ ಈ ಕೆಲಸಕ್ಕೆ ಸಾಕಾಗಿ ಮಿಗುತ್ತದೆ. ತೊಂದರೆ ಇರುವುದು ಬೆಳಕಿನಲ್ಲಿ, ಮತ್ತು ಯಾವುದನ್ನು ತೋರಿಸಬೇಕು ಅನ್ನುವ ಲೆಕ್ಕದಲ್ಲಿ.

ನಮ್ಮ ಸೋದರಮಾವನದು ಇಳಕಲ್‌ನಲ್ಲಿ ಸೀರೆ ಅಂಗಡಿ ಇತ್ತು. ಸಣ್ಣವಳಿದ್ದಾಗ ರಜೆಯಲ್ಲಿ ಅಲ್ಲೇ ಕೂತಿರುತ್ತಿದ್ದೆ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಗಾದಿಯ ಮೇಲೆ ಹರಡಿದ ಸೀರೆ ನೋಡಿ ಅಲ್ಲೇ "ಹೂಂ" ಅನ್ನುತ್ತಿರಲಿಲ್ಲ. ಸೀರೆ ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ಹೊರಗಿನ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಎರಡು ಬೆರಳ ನಡುವೆ ಬಟ್ಟೆ ಉಜ್ಜುತ್ತಿದ್ದರು. ಸೆರಗು ತಿರುವಿ ಹಿಂಭಾಗ ನೋಡುತ್ತಿದ್ದರು. ಕೊನೆಗೆ ಬಿಡಿಸಿ ಎತ್ತಿ ಹಿಡಿದು, ಎಲ್ಲಾದರೂ ತೂತು ಇದೆಯಾ ಅಂತ ಆಚೆಗಿನ ಬೆಳಕನ್ನು ನೋಡುತ್ತಿದ್ದರು. ಹೊಸ ಸೀರೆಗೇ ಇಷ್ಟು ಪರೀಕ್ಷೆ ಇತ್ತು. ನಿಮ್ಮದು ಉಟ್ಟ ಸೀರೆ. ಕೊಳ್ಳುವವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತಿರುತ್ತಾರೆ, ಅವರ ಕೈ ನಿಮ್ಮ ಸೀರೆಗೆ ಮುಟ್ಟುವುದಿಲ್ಲ. ಆ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ಮಾಡುತ್ತಿದ್ದ ಅಷ್ಟೂ ಕೆಲಸವನ್ನು ನಿಮ್ಮ ಫೋಟೋಗಳು ಮಾಡಿಕೊಡಬೇಕು. ಫೋಟೋ ತೆಗೆಯುವಾಗ ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಈಗ ವಾಪಸ್ ಬಂದ ಸೀರೆ. ನಿಮ್ಮ ಎರಡನೇ ಫೋಟೋದಲ್ಲಿ ಅದು ಮಂಚದ ಮೇಲೆ ಹೂವಿನ ಚಾದರದ ಮೇಲಿದೆ. ಎಡಗಡೆ ಕಿಟಕಿ ಇದೆ, ಮೇಲೆ ಹಳದಿ ಬಲ್ಬು ಉರಿಯುತ್ತಿದೆ. ಸೀರೆಯ ಎಡ ಅಂಚು ನೀಲಿ ಕಡೆಗೆ, ಬಲ ಅಂಚು ಹಸಿರು ಕಡೆಗೆ ತಿರುಗಿದೆ. ಒಂದೇ ಸೀರೆ, ಒಂದೇ ಫೋಟೋ, ಎರಡು ಬಣ್ಣ. ಹಳದಿ ಬೆಳಕು ನೀಲಿ ಬಟ್ಟೆಯ ಮೇಲೆ ಬಿದ್ದರೆ ಹಸಿರಿನ ಕಡೆಗೆ ಕಾಣುವುದು ಸಹಜ. ನೀವು ರಾತ್ರಿ ಬಲ್ಬಿನ ಕೆಳಗೆ ನೋಡಿ "ನವಿಲು ಹಸಿರು" ಅಂತ ಬರೆದಿರಿ. ಅವರು ಹಗಲಲ್ಲಿ ಪಾರ್ಸೆಲ್ ಬಿಚ್ಚಿ "ನೀಲಿ" ಅಂದರು. ಇಬ್ಬರೂ ಸುಳ್ಳು ಹೇಳಿಲ್ಲ.

ಫೋನಿಗೆ ನಮ್ಮ ಕಣ್ಣಿನಷ್ಟು ಜಾಣತನ ಇಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಕಡಿಮೆ ಆದಷ್ಟೂ ಬೆಳಕು ಹಳದಿ. ಹಳದಿ ಬಲ್ಬಿನ ಬೆಳಕು 2700ರಿಂದ 3000 ಕೆಲ್ವಿನ್ ಇರುತ್ತದೆ, ನಡುಹಗಲಿನ ಬೆಳಕು ಸುಮಾರು 5500. ಯಾವ ಬೆಳಕಿನಲ್ಲಿ ಇದ್ದೇವೆ ಅಂತ ಫೋನ್ ಊಹೆ ಮಾಡಿ ಬಣ್ಣ ತಿದ್ದುತ್ತದೆ. ಇದಕ್ಕೆ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ಎರಡು ಥರದ ಬೆಳಕು ಒಟ್ಟಿಗೆ ಇದ್ದರೆ ಯಾವುದನ್ನು ತಿದ್ದಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಫೋಟೋ ತುಂಬ ಒಂದೇ ಬಣ್ಣ ತುಂಬಿದರೆ ಫೋನ್ ಆ ಬಣ್ಣವೇ ಬೆಳಕಿನ ದೋಷ ಅಂದುಕೊಂಡು ಅದನ್ನು ಕಡಿಮೆ ಮಾಡಲು ಹೋಗುತ್ತದೆ. ಅದಕ್ಕೇ ಹತ್ತಿರದಿಂದ ತೆಗೆದ ಕೆಂಪು ಸೀರೆ ಕಳೆಗುಂದಿ ಬರುತ್ತದೆ.

ಹಾಗಾಗಿ ಫೋಟೋ ತೆಗೆಯುವಾಗ ಮನೆಯ ದೀಪ ಎಲ್ಲ ಆರಿಸಿ. ಬರೀ ಹಗಲ ಬೆಳಕು ಇರಲಿ. ಸೀರೆಯ ಕೆಳಗೆ ಹೂವಿನ ಚಾದರ ಬೇಡ, ತೊಳೆದ ಬಿಳಿ ಧೋತರ ಹಾಸಿ. ಸುತ್ತ ನಾಲ್ಕು ಬೆರಳು ಬಿಳಿ ಕಂಡರೂ ಫೋನಿಗೆ ಆಧಾರ ಸಿಗುತ್ತದೆ. ಫೋಟೋ ತೆಗೆದ ಮೇಲೆ ಧೋತರ ಬಿಳಿಯಾಗಿ ಕಂಡರೆ ಸೀರೆಯ ಬಣ್ಣವೂ ಬಹುತೇಕ ಸರಿ ಇದೆ ಅಂತ ಅರ್ಥ. ಧೋತರ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಆ ಫೋಟೋ ಹಾಕಲೇಬೇಡಿ, ಜಾಗ ಬದಲಿಸಿ ಮತ್ತೆ ತೆಗೆಯಿರಿ.

ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಬಿಸಿಲು ಬೇರೆ. ಅಂಗಳದ ನೇರ ಬಿಸಿಲಿಗೆ ಸೀರೆ ಹರಡಬೇಡಿ. ಸೆರಗಿನ ರೇಷ್ಮೆ ಹೊಳೆದು ಬಿಳಿ ಮಚ್ಚೆ ಆಗುತ್ತದೆ, ಮಡಿಕೆಗಳ ನೆರಳು ಕಪ್ಪು ಗೆರೆಯಾಗಿ ಬೀಳುತ್ತದೆ, ಹಳೆ ಬಣ್ಣಕ್ಕೂ ಆ ಬಿಸಿಲು ಒಳ್ಳೆಯದಲ್ಲ. ಬಾಗಿಲ ಒಳಗೆ ಎರಡು ಮೂರು ಅಡಿ ಹಿಂದೆ, ಬಿಸಿಲು ಬೀಳದೆ ಬರೀ ಬೆಳಕು ಬರುವ ಪಡಸಾಲೆಯ ನೆಲ ಎಲ್ಲಕ್ಕಿಂತ ಒಳ್ಳೆಯ ಜಾಗ. ಉತ್ತರಕ್ಕೆ ಕಿಟಕಿ ಇದ್ದರೆ ಇಡೀ ದಿನ ಮೆತ್ತಗಿನ ಬೆಳಕು ಸಿಗುತ್ತದೆ ಅಂತ ಫೋಟೋಗ್ರಾಫರುಗಳು ಹೇಳುವುದು ನಿಜ. ಆದರೆ ಬಾಗಲಕೋಟೆ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಆ ಮೂರು ತಿಂಗಳು ಉತ್ತರದ ಕಿಟಕಿಯಲ್ಲೂ ಬಿಸಿಲು ಇಣುಕಬಹುದು. ಆಗ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ. ಮೋಡ ಮುಚ್ಚಿದ ಮಳೆಗಾಲದ ದಿನ ಸಿಕ್ಕರೆ ಬಿಡಲೇಬೇಡಿ, ಅವತ್ತು ಹತ್ತು ಸೀರೆ ಮುಗಿಸಿ. ಬೆಳಕು ಒಂದೇ ಕಡೆಯಿಂದ ಬಂದು ಇನ್ನೊಂದು ಬದಿ ಕತ್ತಲಾದರೆ ಆ ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿ.

ನಿಮ್ಮ ನಾಲ್ಕನೇ ಫೋಟೋ ಹೊರಗೆ ತೆಗೆದದ್ದು, ಆದರೂ ಬಿಳಿ ಫ್ರಾಕು ಹಸಿರಾಗಿದೆ. ಮೇಲೆ ಹಸಿರು ನೆರಳು ಪರದೆ ಕಟ್ಟಿದ್ದೀರಿ, ಅಲ್ವಾ? ನೀಲಿ ತಾಡಪತ್ರಿಯೂ ಹಾಗೇ ಮಾಡುತ್ತದೆ. ಗುಲಾಬಿ ಡಿಸ್ಟೆಂಪರ್ ಹೊಡೆದ ಗೋಡೆ ಪಕ್ಕದಲ್ಲಿದ್ದರೆ ಅದರ ಬಣ್ಣವೂ ಬಟ್ಟೆಗೆ ಹತ್ತುತ್ತದೆ. ಬೆಳಕು ಎಲ್ಲಿಂದ ಬರುತ್ತಿದೆ, ದಾರಿಯಲ್ಲಿ ಏನನ್ನು ಮುಟ್ಟಿ ಬರುತ್ತಿದೆ ಅಂತ ಒಮ್ಮೆ ತಲೆ ಎತ್ತಿ ನೋಡಿಕೊಳ್ಳಿ.

ನವಿಲು ಹಸಿರಿನದು ಇನ್ನೊಂದು ಗುಟ್ಟಿದೆ. ಹಾಸು ಎಳೆ ಒಂದು ಬಣ್ಣ, ಹೊಕ್ಕು ಎಳೆ ಇನ್ನೊಂದು ಬಣ್ಣ ಹಾಕಿ ನೇಯ್ದ ಸೀರೆ ತಿರುಗಿಸಿದಂತೆಲ್ಲ ಬಣ್ಣ ಬದಲಿಸುತ್ತದೆ. ನಿಮ್ಮ ಫೋಟೋದಲ್ಲಿ ಮಡಿಕೆ ಏಳುವ ಕಡೆ ಹೊಳಪು ಬೇರೆ ಬಣ್ಣದಲ್ಲಿ ಕಾಣುತ್ತಿದೆ, ನಿಮ್ಮದೂ ಅಂಥದ್ದೇ ಇರಬೇಕು. ಅಂಚಿನಲ್ಲಿ ಬಿಟ್ಟ ಒಂದೊಂದು ಎಳೆ ಎಳೆದು ನೋಡಿ, ಗೊತ್ತಾಗುತ್ತದೆ. ಇಂಥ ಸೀರೆಗೆ ಒಂದು ಫೋಟೋ ಸಾಲುವುದಿಲ್ಲ. ಸಮವಾಗಿ ಹಾಸಿ ಒಂದು, ಕೈಯಲ್ಲಿ ಮಡಿಕೆ ಮಾಡಿ ಹಿಡಿದು ಒಂದು ತೆಗೆಯಿರಿ. ಕೆಳಗೆ ಬರೆಯಿರಿ: "ಹಗಲಲ್ಲಿ ನೀಲಿ ಕಡೆಗೆ, ದೀಪದಲ್ಲಿ ಹಸಿರು ಕಡೆಗೆ ಕಾಣುತ್ತದೆ." ಅವರ ಫೋನಿನ ಪರದೆ ನಿಮ್ಮದರಂತೆ ಇರುವುದಿಲ್ಲ. ಕೆಲವರ ಪರದೆ ಬಣ್ಣವನ್ನು ಗಾಢ ಮಾಡಿ ತೋರಿಸುತ್ತದೆ, ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಇಟ್ಟ ಸೆಟ್ಟಿಂಗ್ ಎಲ್ಲವನ್ನೂ ಹಳದಿ ಮಾಡುತ್ತದೆ. ಆದ್ದರಿಂದ ಬಣ್ಣವನ್ನು ಮಾತಿನಲ್ಲೂ ಹೇಳಬೇಕು. ಗಿಳಿ ಹಸಿರು, ದಾಳಿಂಬೆ ಕೆಂಪು, ಬದನೆಕಾಯಿ ಬಣ್ಣ ಅಂತ ನಮ್ಮವರು ಹೇಳುವ ಹೆಸರುಗಳು "ಡಾರ್ಕ್ ಗ್ರೀನ್" ಅನ್ನುವುದಕ್ಕಿಂತ ಎಷ್ಟೋ ಸ್ಪಷ್ಟ.

ಕೆಂಪು ಮತ್ತು ಕಪ್ಪು, ಈ ಎರಡರಲ್ಲಿ ಫೋನ್ ಜಾಸ್ತಿ ಎಡವುತ್ತದೆ. ದಾಳಿಂಬೆ ಕೆಂಪಿನ ಸೆರಗು ಫೋಟೋದಲ್ಲಿ ಒಂದೇ ಪೇಂಟ್ ಬಳಿದಂತೆ ಕಾಣುತ್ತದಲ್ಲ, ಅದಕ್ಕೆ ಕಾರಣ ಇದೆ. ಫೋನ್ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಯನ್ನು 0ಯಿಂದ 255ರವರೆಗೆ ಅಳೆದು ಬರೆಯುತ್ತದೆ. ಗಾಢ ಕೆಂಪಿನಲ್ಲಿ ಕೆಂಪಿನ ಅಳತೆ 255ಕ್ಕೆ ಹೋಗಿ ಮುಟ್ಟಿಬಿಡುತ್ತದೆ. ಆಮೇಲೆ ಎಳೆಗೂ ಎಳೆಗೂ ಇರುವ ವ್ಯತ್ಯಾಸ ಬರೆಯಲು ಜಾಗವೇ ಇರುವುದಿಲ್ಲ. ಪರದೆಯಲ್ಲಿ ಸೆರಗಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ನೇಯ್ಗೆ ವಾಪಸ್ ಕಾಣಿಸುತ್ತದೆ.

ಕಪ್ಪಿನ ಕಥೆ ಬೇರೆ. ನೋಡಿದ್ದೆಲ್ಲ ನಡುಮಟ್ಟದ ಬೂದಿ ಬಣ್ಣದಷ್ಟು ಬೆಳಗಿರಬೇಕು ಅಂತ ಫೋನ್ ಅಂದುಕೊಳ್ಳುತ್ತದೆ. ಹಾಗಾಗಿ ಕಪ್ಪು ಸೀರೆ ಬೂದಿಯಾಗಿ, ಬಿಳಿ ಅಂಗಿ ಮಾಸಿದಂತೆ ಬರುತ್ತದೆ. ಕಪ್ಪಿಗೆ ಸೂರ್ಯನ ಗುರುತನ್ನು ಕೆಳಗೆ, ಬಿಳಿಗೆ ಮೇಲಕ್ಕೆ ಎಳೆಯಬೇಕು. ಕಪ್ಪೋ ಕಡುನೀಲಿಯೋ ಅಂತ ಅನುಮಾನ ಬರುವ ಬಟ್ಟೆ ಇದ್ದರೆ ಪಕ್ಕದಲ್ಲಿ ಖಚಿತವಾಗಿ ಕಪ್ಪಿರುವ ಒಂದು ವಸ್ತು ಇಟ್ಟು ತೆಗೆಯಿರಿ.

ಕಪ್ಪಿನ ವಿಷಯದಲ್ಲಿ ನನಗೇ ಆದ ಒಂದು ಅನುಭವ ಹೇಳಬೇಕು. ಮೂರು ವರ್ಷದ ಹಿಂದೆ ಕಸೂತಿ ಹಾಕಿದ ಹಳೆ ಚಂದ್ರಕಾಳಿ ಸೀರೆಯೊಂದನ್ನು ಫೋಟೋ ನೋಡಿ ತರಿಸಿದೆ. ನಮ್ಮಜ್ಜಿ ಮದುವೆಗೆ ಉಟ್ಟಂಥದ್ದೇ ಅಂತ ಆಸೆ. ಫೋಟೋದಲ್ಲಿ ತೇರು, ಗೋಪುರ, ಆನೆ ಎಲ್ಲ ಚೆನ್ನಾಗಿ ಕಾಣುತ್ತಿದ್ದವು, ಒಡಲು ಮಾತ್ರ ಬರೀ ಕಪ್ಪು. ಪಾರ್ಸೆಲ್ ಬಂತು. ಮೊದಲ ಮಡಿಕೆ ಬಿಚ್ಚಿದೆ, ಎರಡನೆಯದು ಬಿಚ್ಚುವಾಗ ಸಣ್ಣ ಸದ್ದು. ಮಡಿಕೆಯ ಗೆರೆಯ ಉದ್ದಕ್ಕೂ ರೇಷ್ಮೆ ಪಿಸಿದಿತ್ತು. ಬಹಳ ವರ್ಷ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆಗೆ ಹಾಗಾಗುತ್ತದೆ. ಮಾರಿದವರನ್ನು ಕೇಳಿದರೆ "ಫೋಟೋ ಹಾಕಿದ್ದೆನಲ್ಲ" ಅಂದರು. ಹಾಕಿದ್ದರು ನಿಜ, ಆದರೆ ಆ ಕಪ್ಪಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಸೀರೆ ಇನ್ನೂ ನನ್ನ ಹತ್ತಿರ ಇದೆ, ಉಡಲು ಆಗುವುದಿಲ್ಲ. ನಿಮ್ಮ ಕಲೆಯ ಜಗಳ ಓದಿದಾಗ ಅದೇ ನೆನಪಾಯಿತು. ನೀವು ಬೇಕಂತ ಮುಚ್ಚಿಟ್ಟಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಆದರೆ ಕೊಂಡವರಿಗೆ ಆಗುವ ನೋವು ಎರಡರಲ್ಲೂ ಒಂದೇ.

ಅದಕ್ಕೇ ದೋಷದ ಫೋಟೋ. ಇದು ಇಡೀ ಉತ್ತರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಫೋಟೋ ತೆಗೆಯುವ ಮೊದಲು ಸೀರೆಯನ್ನು ಪೂರ್ತಿ ಬಿಚ್ಚಿ, ಕಿಟಕಿಗೆ ಎದುರಾಗಿ ಎತ್ತಿ ಹಿಡಿಯಿರಿ. ಇಬ್ಬರಿದ್ದರೆ ಸುಲಭ. ತುದಿಯಿಂದ ತುದಿಗೆ ಜರುಗಿಸುತ್ತಾ ಹೋಗಿ. ಸೂಜಿಮೊನೆಯಷ್ಟು ತೂತೂ ನಕ್ಷತ್ರದಂತೆ ಹೊಳೆಯುತ್ತದೆ, ಬಟ್ಟೆ ಸವೆದ ಕಡೆ ತೆಳುವಾಗಿ ಕಾಣುತ್ತದೆ. ಸಿಕ್ಕ ಕಡೆಯೆಲ್ಲ ಬಿಳಿ ದಾರದ ಒಂದು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ, ಇಲ್ಲದಿದ್ದರೆ ಮತ್ತೆ ಹುಡುಕುವುದೇ ಕೆಲಸ ಆಗುತ್ತದೆ. ಹಾಸಿದ ಮೇಲೆ ಪ್ರತಿ ದೋಷಕ್ಕೂ ಎರಡು ಫೋಟೋ ತೆಗೆಯಿರಿ. ಮೊದಲನೆಯದು ಒಂದು ಮೊಳ ದೂರದಿಂದ, ಅದು ಸೀರೆಯ ಯಾವ ಭಾಗ ಅಂತ ಗೊತ್ತಾಗುವಂತೆ. ಎರಡನೆಯದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ನಾಣ್ಯ ಇಲ್ಲದೆ ಹತ್ತಿರದಿಂದ ತೆಗೆದರೆ ಸಾಸಿವೆ ಕಾಳಿನಷ್ಟು ತೂತು ಹಪ್ಪಳದಷ್ಟು ಕಂಡು ಕೊಳ್ಳುವವರು ಓಡಿಹೋಗುತ್ತಾರೆ.

ಸೀರೆಯಲ್ಲಿ ಕಲೆ, ತೂತು ಎಲ್ಲಿ ಹುಡುಕಬೇಕು ಅಂತ ನಿಮಗೇ ಗೊತ್ತಿರುತ್ತದೆ. ಕಾಲ ಬಳಿ ಫಾಲ್ ಹೊಲಿದ ಅಂಚು, ಸೆರಗಿಗೆ ಪಿನ್ ಚುಚ್ಚಿದ ಜಾಗ, ಸೊಂಟದಲ್ಲಿ ಸಿಕ್ಕಿಸಿದ ಕಡೆ, ಎಣ್ಣೆಗೈ ಒರೆಸಿದ ಸೆರಗಿನ ತುದಿ, ಕಪ್ಪಾದ ಜರಿ. ಗುಳೇದಗುಡ್ಡದ ಖಣದ ಕುಪ್ಪಸವಾದರೆ ಕಂಕುಳು ತಿರುವಿ ತೋರಿಸಿ. ಬೆವರಿಗೆ ಬಣ್ಣ ಹೋಗಿರುವುದು ಅಲ್ಲೇ ಮೊದಲು. ರಫು ಹಾಕಿಸಿದ್ದರೆ ಅದನ್ನೂ ಹೇಳಿ. ಒಳ್ಳೆಯ ರಫು ಕಂಡು ಎಷ್ಟೋ ಜನ ಸಂತೋಷ ಪಡುತ್ತಾರೆ, ಸೀರೆಯನ್ನು ಜೋಪಾನ ಮಾಡಿದ್ದಾರೆ ಅಂತ ಅನಿಸುತ್ತದೆ.

ದೋಷ ತೋರಿಸಿದರೆ ಮಾರಾಟ ಆಗುವುದಿಲ್ಲ ಅಂತ ನೀವು ಹೆದರಬಹುದು. ಸ್ವಲ್ಪ ಕಡಿಮೆ ಬೆಲೆಗೆ ಹೋಗಬಹುದು, ನಿಜ. ಆದರೆ ವಾಪಸ್ ಬಂದ ಸೀರೆಗೆ ಎರಡು ಸಲ ಕೊರಿಯರ್ ಖರ್ಚು, ಮೇಲೆ ಬೈಗುಳ. ನಿಮ್ಮ ಪತ್ರ ಓದಿದರೆ ಆ ಬೈಗುಳವೇ ನಿಮ್ಮನ್ನು ಜಾಸ್ತಿ ಕಾಡಿದ ಹಾಗಿದೆ.

ದೋಷ ತೋರಿಸುವಷ್ಟೇ ಶ್ರದ್ಧೆಯಿಂದ ಸೀರೆಯ ಒಳ್ಳೆಯತನವನ್ನೂ ತೋರಿಸಿ. ನಿಮ್ಮ ಮೊದಲ ಫೋಟೋದಲ್ಲಿರುವುದು ಅತ್ತೆಯವರ ಸೀರೆ ಅನ್ನಿಸುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಹಣಿಗೆಯ ಹಲ್ಲಿನ ಆಕಾರ ಇಣುಕುತ್ತಿದೆ, ಆದರೆ ನೀವು ಅದನ್ನು ಮಡಿಕೆಯ ಒಳಗೆ ಬಿಟ್ಟಿದ್ದೀರಿ! ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೋದು ಜೋಡಿಸಿರುತ್ತಾರೆ. ಒಡಲು ಮುಗಿದು ಸೆರಗು ಶುರುವಾಗುವ ಆ ಗೆರೆಯನ್ನು ಬೆರಳಿನಿಂದ ಸವರಿದರೆ ಸಣ್ಣ ಸಣ್ಣ ಗಂಟಿನಂತೆ ಕೈಗೆ ಹತ್ತುತ್ತದೆ. ಇಳಕಲ್ ಸೀರೆ ಬಲ್ಲವರು ಮೊದಲು ಹುಡುಕುವುದು ಅದನ್ನೇ. ಆ ಕೂಡುಗೆರೆಯದ್ದು ಹತ್ತಿರದ ಒಂದು ಫೋಟೋ, ಹಿಂಭಾಗದಿಂದ ಇನ್ನೊಂದು ತೆಗೆಯಿರಿ. ಕಿಟಕಿಯ ಬೆಳಕು ಬದಿಯಿಂದ ಓರೆಯಾಗಿ ಬೀಳುವಂತೆ ಸೀರೆ ತಿರುಗಿಸಿಕೊಂಡರೆ ಪ್ರತಿ ಕುಣಿಕೆಯ ನೆರಳೂ ಎದ್ದು ಕಾಣುತ್ತದೆ. ದಡಿ ಯಾವುದು, ಗೋಮಿಯೋ ಪರಾಸವೋ ಅನ್ನುವುದೂ ಗೊತ್ತಾಗುವಂತೆ ಒಂದು ತೆಗೆಯಿರಿ.

ಕಸೂತಿ ಇದ್ದರೆ ಹಿಂಭಾಗದ ಫೋಟೋ ಬೇಕೇ ಬೇಕು. ಕೈ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತವೆ. ಮಷೀನಿನ ಕಸೂತಿಯ ಹಿಂಭಾಗ ಹಾಗಿರುವುದಿಲ್ಲ. ಹಿಂಭಾಗ ತೋರಿಸಿದರೆ ನೀವು ನಾಲ್ಕು ಸಾಲು ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಈಗ ಅಂಗಡಿಯವರ ಫೋಟೋ. ಹಾಕಬೇಡಿ. ಅದು ಬೇರೆ ಸೀರೆ, ನಿಮ್ಮದಲ್ಲ. ಫೋಟೋ ತೆಗೆದವರ ಹಕ್ಕಿನ ಪ್ರಶ್ನೆಯೂ ಇದೆ. ಕೊಂಡವರ ಕೈಗೆ ಸಿಗುವ ಸೀರೆಯೇ ಫೋಟೋದಲ್ಲಿ ಇರಬೇಕು. ಬ್ಯೂಟಿ ಫಿಲ್ಟರ್, ಬಣ್ಣ ಹೆಚ್ಚಿಸುವ ಆಪ್, ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಕೂಡ ಬೇಡ. ಪೋರ್ಟ್ರೇಟ್ ಮೋಡ್ ಸೆರಗಿನ ಕುಚ್ಚನ್ನೇ ತಿಂದುಹಾಕುತ್ತದೆ.

ಮಕ್ಕಳ ಬಟ್ಟೆ, ಪ್ಯಾಂಟು, ಅಂಗಿಗೆ ಇಷ್ಟೆಲ್ಲ ಬೇಕಿಲ್ಲ. ಇಸ್ತ್ರಿ ಮಾಡಿ, ನೆಲಕ್ಕೆ ಹಾಸಿ, ನೇರ ಮೇಲಿಂದ ತೆಗೆಯಿರಿ. ಓರೆಯಾಗಿ ಹಿಡಿದರೆ ಫ್ರಾಕಿನ ಕೆಳಭಾಗ ಅಗಲವಾಗಿ, ಮೇಲ್ಭಾಗ ಸಣ್ಣದಾಗಿ ಬಂದು ಅಳತೆ ತಪ್ಪು ಅನಿಸುತ್ತದೆ. ತೀರಾ ಹತ್ತಿರ ಹೋಗಿ ಇಡೀ ಬಟ್ಟೆ ಹಿಡಿಸಲು ನೋಡಬೇಡಿ, ಸ್ಟೂಲ್ ಹತ್ತಿ ದೂರದಿಂದ ತೆಗೆಯಿರಿ. ಅಂಗಿಯ ಕಾಲರಿನ ಒಳಭಾಗ, ಪ್ಯಾಂಟಿನ ಮೊಣಕಾಲು ಮತ್ತು ಜಿಪ್, ಇವು ಮೂರು ಕಾಣಲಿ. "5 ವರ್ಷದ ಮಗುವಿಗೆ" ಅಂತ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ಎದೆಯ ಅಗಲಕ್ಕೆ ಟೇಪು ಹಿಡಿದು, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಮಕ್ಕಳಿಗೇ ತೊಡಿಸಿ ಫೋಟೋ ಹಾಕುವುದು ದಯವಿಟ್ಟು ಬೇಡ. ಅಪರಿಚಿತರ ಫೋನಿಗೆ ನಿಮ್ಮ ಮಕ್ಕಳ ಮುಖ ಯಾಕೆ ಹೋಗಬೇಕು?

ನಿಮ್ಮ ಐದನೇ ಫೋಟೋ ಮಂಜು ಮುಸುಕಿದಂತಿದೆ. ಅದು ಬೆಳಕಿನ ತಪ್ಪಲ್ಲ, ಲೆನ್ಸಿನ ಮೇಲೆ ಬೆರಳಿನ ಜಿಡ್ಡು. ಹತ್ತಿ ಬಟ್ಟೆಯ ತುದಿಯಿಂದ ಒರೆಸಿ, ಅಷ್ಟೇ. ಮೂರನೆಯದರಲ್ಲಿ ಚೌಕಳಿ ಒಡಲಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಬಂದಿವೆ. ಸಣ್ಣ ಚೌಕಳಿಯ ಗೆರೆಗಳೂ ಕ್ಯಾಮೆರಾದೊಳಗಿನ ಚುಕ್ಕೆಗಳ ಸಾಲೂ ಒಂದಕ್ಕೊಂದು ತಾಳೆಯಾಗದೆ ಹಾಗಾಗುತ್ತದೆ. ಒಂದಡಿ ಹಿಂದೆ ಅಥವಾ ಮುಂದೆ ಸರಿದು, ಫೋನನ್ನು ಸ್ವಲ್ಪ ತಿರುಗಿಸಿ ತೆಗೆದರೆ ಹೋಗುತ್ತದೆ.

ಇಷ್ಟೆಲ್ಲ ಮಾಡಿ ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಅರ್ಧ ಕೆಲಸ ನೀರುಪಾಲು. ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಕುಣಿಕೆಯೂ ನೇಯ್ಗೆಯೂ ಅಳಿಸಿಹೋಗುತ್ತವೆ. ಕಳಿಸುವಾಗ ಎಚ್‌ಡಿ ಗುರುತು ಒತ್ತಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಒಂದು ಎಚ್ಚರ. ಡಾಕ್ಯುಮೆಂಟ್ ಆಗಿ ಹೋದ ಫೋಟೋದೊಳಗೆ ಅದನ್ನು ತೆಗೆದ ಜಾಗದ ವಿವರವೂ ಹಾಗೇ ಹೋಗಬಹುದು, ಅಂದರೆ ನಿಮ್ಮ ಮನೆ ಎಲ್ಲಿದೆ ಅನ್ನುವುದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಬಂದ್ ಮಾಡಿಯೇ ಫೋಟೋ ತೆಗೆಯಿರಿ.

ವಾಪಸ್ ಬಂದ ಆ ಸೀರೆಯನ್ನು ಕಡಿಮೆ ಬೆಲೆಗೆ ಕೊಟ್ಟುಬಿಡಬೇಡಿ, ಅಕ್ಕಾರೆ. ನಾಳೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಡಸಾಲೆಯ ದೀಪ ಆರಿಸಿ, ಧೋತರ ಹಾಸಿ, ಬಾಗಿಲ ಬೆಳಕಿನಲ್ಲಿ ಅದರ ಫೋಟೋ ಹೊಸದಾಗಿ ತೆಗೆಯಿರಿ. ಸಮವಾಗಿ ಹಾಸಿದ್ದು, ಮಡಿಕೆ ಹಿಡಿದದ್ದು, ಸೆರಗು, ಕೂಡುಗೆರೆ, ಹಿಂಭಾಗ. ಹಳೆಯ ಫೋಟೋ ತೆಗೆದುಹಾಕಿ, ಇವನ್ನು ಹಾಕಿ. ಹಾಕುವ ಮೊದಲು ಒಮ್ಮೆ ನನಗೂ ಕಳಿಸಿ, ನೋಡುತ್ತೇನೆ.